ಹಗ್ಗ ಹಿಡಿದವರು

ನಮ್ಮೂರಿನ ನಡುಬೀದಿಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಕುಸಿದು ಕೂತರೆ ನೀರು ತಂದು ಮುಖಕ್ಕೆ ಚಿಮುಕಿಸಲು ಯಾರೂ ಓಡುವುದಿಲ್ಲ. ದೋಣಿ ಹೊರಟಿತು ಅಂದುಕೊಂಡು ಪಕ್ಕದವರೂ ಅಲ್ಲೇ ಕೂರುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಇದನ್ನು ನೋಡಿ, ಊರಿಗೆ ಊರೇ ವಿಷ ತಿಂದಿದೆ ಎಂದು ಗಾಬರಿಬಿದ್ದು ಆಂಬುಲೆನ್ಸಿಗೆ ಫೋನ್ ಮಾಡಿದ್ದರಂತೆ. ಆಂಬುಲೆನ್ಸಿನ ಡ್ರೈವರ್ ನಮ್ಮೂರಿನವನೇ. ಅವನೂ ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತಿದ್ದ.

ನಮ್ಮದು ದೊಡ್ಡನೀರಿನ ದಡದ ಊರು. ಸಂತೆ ಆಚೆ ದಡದಲ್ಲಿ, ಕಚೇರಿ ಆಚೆ ದಡದಲ್ಲಿ, ಹೆಣ್ಣು ಕೊಟ್ಟು ತರುವ ಮನೆಗಳೆಲ್ಲ ಆಚೆ ದಡದಲ್ಲಿ. ಬೆಳಗಾದರೆ ಜನ ಲಾಂಚಿನಲ್ಲಿ, ಹರಿಗೋಲಿನಲ್ಲಿ ಹೋಗುತ್ತಾ ಬರುತ್ತಾ ಇರುತ್ತಾರೆ. ನೀರು ನೋಡಲು ಬಲು ಸಾಧು. ಮಧ್ಯಾಹ್ನದ ಮೇಲೆ ಯಾವುದೋ ಮೂಲೆಯಿಂದ ಗಾಳಿ ಎದ್ದಿತೆಂದರೆ ಮಾತ್ರ ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಅಂಥ ಹೊತ್ತಿಗೆಂದು ಇರುವುದು ಕಾಯುವ ದೋಣಿ. ಮತ್ತಿಮರದ ಒಡಲು, ಕಬ್ಬಿಣದ ತಳ, ಯಾವ ಗಾಳಿಗೂ ಮಗುಚದಷ್ಟು ಭಾರ. ಅಷ್ಟು ಭಾರದ್ದು ತಾನಾಗಿ ತೇಲುವುದಿಲ್ಲ. ಊರಿನವರು ಹೊತ್ತುಕೊಂಡರೆ ತೇಲುತ್ತದೆ.

ಹೊರುವುದೆಂದರೆ ಹಗ್ಗ ಹಿಡಿಯುವುದು. ದೋಣಿಯ ಮೂತಿಗೆ ಕಟ್ಟಿದ್ದ ಹಗ್ಗದ ಒಂದು ತುಂಡನ್ನು ಹಿತ್ತಾಳೆ ಕೊಡದಲ್ಲಿ ನೀರಿನ ಸಮೇತ ಇಟ್ಟುಕೊಂಡು, ಹಬ್ಬಗಳ ಸಾಲು ಮುಗಿದ ಮೇಲೆ, ಮನೆಮನೆಗೆ ಒಯ್ಯುತ್ತಾರೆ. ಕೊಡುವ ಮನಸ್ಸಿದ್ದವರು ಆ ಒದ್ದೆ ಹಗ್ಗವನ್ನು ಹಿಡಿಯಬೇಕು. ಎಷ್ಟು ಹೊತ್ತು ಹಿಡಿದರೆ ಅಷ್ಟು ಹೊರೆ. ಮುದುಕರು ಕಿರುಬೆರಳು ತಗುಲಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾಯಿಮಂಡಿ ಸಾಹುಕಾರರು ಫೋಟೋದವನು ಬರುವ ತನಕ ಹಿಡಿದುಕೊಂಡಿದ್ದು, ಅವನು ತಡಮಾಡಿದ್ದರಿಂದ ಇವತ್ತಿಗೂ ಸೊಂಟ ಹಿಡಿದುಕೊಂಡು ಓಡಾಡುತ್ತಾರೆ. ಬರಿ ದುಡ್ಡು ಕೊಡುತ್ತೇವೆ ಎನ್ನುವವರೂ ಇದ್ದಾರೆ, ಬೇಡ ಎನ್ನುವುದಿಲ್ಲ. ದುಡ್ಡಿನಿಂದ ಬಣ್ಣ ಬರುತ್ತದೆ, ಹುಟ್ಟು ಬರುತ್ತದೆ, ಸೈರನ್ನಿಗೆ ಬ್ಯಾಟರಿ ಬರುತ್ತದೆ. ತೇಲುವುದು ಮಾತ್ರ ಬರುವುದಿಲ್ಲ.

ಸೈರನ್ ಕೂಗಿದ ಮೇಲೆ ದೋಣಿ ನೀರಿಗಿಳಿಯುವ ತನಕ ಸ್ವಲ್ಪ ಸಮಯವಿರುತ್ತದೆ. ಅಷ್ಟರಲ್ಲಿ ಎಲ್ಲರೂ ಅಣಿಯಾಗುತ್ತಾರೆ. ಕ್ಷೌರದವನು ಕತ್ತಿ ಕೆಳಗಿಡುತ್ತಾನೆ, ಅರ್ಧ ಗಡ್ಡದವರು ಅರ್ಧದಲ್ಲೇ ಕಾಯುತ್ತಾರೆ. ತೆಂಗಿನಮರ ಹತ್ತಿದವರು ಇಳಿಯುತ್ತಾರೆ. ಎತ್ತಿಕೊಂಡ ಮಕ್ಕಳನ್ನು ಕೆಳಗೆ ಬಿಡುತ್ತಾರೆ. ಒಂದು ಮದುವೆಯಲ್ಲಿ ತಾಳಿ ಕಟ್ಟಲು ಕೈಯೆತ್ತಿದ್ದ ಗಂಡು ಹಾಗೆಯೇ ಹುಡುಗಿಯ ತೊಡೆಯ ಮೇಲೆ ಒರಗಿಬಿಟ್ಟಿದ್ದ, ಪುರೋಹಿತರು ನಾಚಿಕೊಂಡು ಮುಖ ತಿರುಗಿಸಿದ್ದರು. ದೋಣಿ ನೀರಿಗೆ ಬಿದ್ದದ್ದು ಮೊದಲು ಗೊತ್ತಾಗುವುದು ಮಂಡಿಗೆ, ಆಮೇಲೆ ಹೆಗಲಿಗೆ. ಹುಟ್ಟು ಹಾಕುವವರು ಹತ್ತಿದ್ದೂ ಗೊತ್ತಾಗುತ್ತದೆ. ಆಮೇಲೆ ಕಾಯುವ ಹೊತ್ತು. ಮುಳುಗುತ್ತಿದ್ದವರೊಬ್ಬರನ್ನು ಎಳೆದು ದೋಣಿಗೆ ಹಾಕಿಕೊಂಡರೆ ಊರಿನ ಹೆಗಲ ಮೇಲೆ ಒಂದು ಭಾರ ಹೆಚ್ಚುತ್ತದೆ. ಆಗ ಕೂತ ಕೂತಲ್ಲೇ ಎಲ್ಲರೂ "ಒಬ್ಬರು" ಅನ್ನುತ್ತಾರೆ. ಬೆವರು ಸುರಿಯುತ್ತಿರುತ್ತದೆ, ಮುಖದಲ್ಲಿ ನಗು. ಭಾರ ಬಿದ್ದಿದ್ದಕ್ಕೆ ನಗುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೊತ್ತ ಹೊರೆ ಬೇಡವೆನ್ನಿಸಿದರೆ ಬಿಡುವುದು ಸುಲಭ. ದೊಡ್ಡನೀರಿನಲ್ಲಿ ಕಾಲಿಟ್ಟರೆ ಸಾಕು. ಕೈಗೆ, ಮೈಗೆ ನೀರು ತಾಗಿದರೆ ಏನೂ ಇಲ್ಲ, ಪಾದ ನೆನೆಯಬಾರದು ಅಷ್ಟೆ. ಒಮ್ಮೆ ನೆನೆದವರ ಕೈಗೆ ಹಗ್ಗ ಮತ್ತೆ ಹತ್ತುವುದಿಲ್ಲ. ಎಷ್ಟು ಹೊತ್ತು ಹಿಡಿದು ನಿಂತರೂ ಬರಿ ಹಗ್ಗ. ಹಾಗಾಗಿ ನೀರಿನ ದಡದಲ್ಲೇ ಹುಟ್ಟಿ ಬೆಳೆದ ನಾವು ನೀರಿಗೆ ಕಾಲಿಡದ ಜನ. ಹೆಂಗಸರು ಬಟ್ಟೆ ಒಗೆಯುವುದು ಬಕೆಟ್ಟಿನಲ್ಲಿ ನೀರೆತ್ತಿಕೊಂಡು ಮೇಲಿನ ಮೆಟ್ಟಿಲಲ್ಲಿ. ಲಾಂಚು ಹತ್ತಿಸಲು ಹಲಗೆ ಹಾಕುತ್ತಾರೆ. ಚಿಕ್ಕ ಅಲೆ ಹಾರಿ ಬಂದರೂ "ಕಾಲು, ಕಾಲು" ಎಂದು ಕೂಗಿಕೊಳ್ಳುತ್ತಾರೆ.

ನನ್ನ ಹೆಸರು ನೀಲಮ್ಮ. ಚಕ್ಕುಲಿ, ಕೋಡುಬಳೆ ಮಾಡಿ, ಲಾಂಚು ನಿಲ್ಲುವ ಕಡವಿನ ಮೆಟ್ಟಿಲ ಮೇಲೆ ಕೂತು ಮಾರುತ್ತೇನೆ. ವರ್ಷಕ್ಕೊಮ್ಮೆ ಹಗ್ಗದ ಕೊಡ ಹೊತ್ತು ಮನೆಮನೆ ತಿರುಗುವವಳೂ ನಾನೇ. ನನ್ನ ಗಂಡನ ಹೆಸರು ಉಗ್ರಪ್ಪ. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು ನಾನು. ಅವರು ಹೋದ ಮೇಲೆ ಹೇಳುವುದನ್ನು ರೂಢಿ ಮಾಡಿಕೊಂಡೆ, ಯಾರಾದರೂ ಹೇಳಬೇಕಲ್ಲ. ಹೆಸರಿಗೆ ಉಗ್ರಪ್ಪ, ಇರುವೆ ಸಾಲು ಕಂಡರೆ ಸೈಕಲ್ ಇಳಿದು ಎತ್ತಿಕೊಂಡು ದಾಟುವ ಮನುಷ್ಯ. ಸೈಕಲ್ ಶಾಪ್ ಇಟ್ಟಿದ್ದರು. ಕಾಯುವ ದೋಣಿಯಲ್ಲಿ ಹುಟ್ಟು ಹಾಕುವ ನಾಲ್ವರಲ್ಲಿ ಒಬ್ಬರು. ಅದಕ್ಕೆ ಸಂಬಳ ಸಾರಿಗೆ ಏನೂ ಇಲ್ಲ. ಸೈರನ್ ಕೂಗಿದರೆ ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ಹಾಗೆಯೇ ಬಿಟ್ಟು ಎಣ್ಣೆಗೈಯಲ್ಲೇ ಓಡುತ್ತಿದ್ದರು.

ಮದುವೆಯಾಗಿ ಬಂದ ವರ್ಷವೇ ನಾನು ಹಗ್ಗ ಹಿಡಿದಿದ್ದೆ. ಧರ್ಮಕ್ಕೆಂದು ಹಿಡಿದೆ ಎಂದರೆ ಸುಳ್ಳಾಗುತ್ತದೆ. ನಾಲ್ವರು ದೋಣಿ ಹತ್ತಿದರೆ ಅದರಲ್ಲಿ ಇವರ ಭಾರ ಯಾವುದೆಂದು ನನಗೆ ತಿಳಿಯುತ್ತಿತ್ತು, ಆ ಆಸೆಗೆ ಹಿಡಿದೆ. ತಿಳಿಯದೆ ಹೇಗಿರುತ್ತದೆ? ನಮ್ಮ ಹತ್ತಿಯ ಹಾಸಿಗೆ ಅವರ ಕಡೆಗೆ ಕುಸಿದಿತ್ತು. ನಿದ್ದೆಯಲ್ಲಿ ನಾನು ಜಾರಿ ಜಾರಿ ಬೆಳಗಿನ ಹೊತ್ತಿಗೆ ಅವರ ಬೆನ್ನಿಗೆ ಬಂದು ಸೇರಿರುತ್ತಿದ್ದೆ. "ಜಾಗ ಎಲ್ಲ ನಿಂದೇ ಕಣೆ, ನಾನು ಗೋಡೆ ಕಾಯೋನು" ಎಂದು ನಗುತ್ತಿದ್ದರು. ಅವರು ನೀರಿನ ಮೇಲಿದ್ದರೂ ನಾನು ಒಲೆಯ ಮುಂದೆ ಕೂತು ಆ ಭಾರವನ್ನು ಹೆಗಲ ಮೇಲೆ ಇಟ್ಟುಕೊಂಡಿರುತ್ತಿದ್ದೆ. ಅಂಥ ಹೊತ್ತಲ್ಲಿ ನನಗೆ ಭಯವಾಗುತ್ತಿರಲಿಲ್ಲ.

ನೀರನ್ನು ಸುತ್ತುಬಳಸಿಕೊಂಡು ಬಸ್ಸಿನ ರಸ್ತೆ ಬಂದದ್ದೇ ನಮ್ಮ ಗ್ರಹಚಾರ. ಇನ್ನು ಯಾರು ನೀರ ಮೇಲೆ ಹೋಗುತ್ತಾರೆ, ಸುಮ್ಮನೆ ನಾವೇಕೆ ಹೊರಬೇಕು ಎಂದು ಎಷ್ಟೋ ಜನ ಸಂಜೆ ಗಾಳಿ ಕುಡಿಯುವ ನೆಪದಲ್ಲಿ ಹೋಗಿ ಕಾಲು ನೆನೆಸಿಕೊಂಡು ಬಂದರು. ಚಪ್ಪಲಿ ಕೈಯಲ್ಲಿ ಹಿಡಿದು, ಯಾರೂ ನೋಡಲಿಲ್ಲವೆಂಬಂತೆ ಸಂದಿಯಿಂದ ಬರುತ್ತಿದ್ದರು. ಬಸ್ಸು ಸುತ್ತಿ ಸುತ್ತಿ ಹೋಗುತ್ತದೆ, ಅರ್ಧ ದಿನ ಹಿಡಿಯುತ್ತದೆ ಎಂದು ಗೊತ್ತಾಗಿ ಎಲ್ಲರೂ ಮತ್ತೆ ಲಾಂಚನ್ನೇ ಹತ್ತಿದರು. ಆದರೆ ನೆನೆದ ಕಾಲು ಒಣಗಿದರೂ ಹೊರೆ ತಿರುಗಿ ಬರುವಂತಿಲ್ಲವಲ್ಲ.

ಆ ವರ್ಷವೇ ಒಂದು ಸಂತೆಯ ದಿನ ಎರಡು ಹರಿಗೋಲು ಮಗುಚಿದವು. ದೋಣಿ ಹೊರಟಿತು. ನಾನು ಬಾಣಲೆ ಇಳಿಸಿ ಗೋಡೆಗೊರಗಿ ಕೂತೆ. ಒಬ್ಬರು, ಇನ್ನೊಬ್ಬರು, ಮತ್ತೊಬ್ಬರು ಎಂದು ಭಾರ ಏರುತ್ತಾ ಹೋಯಿತು. ಹೊರುವವರು ಕಡಿಮೆಯಾಗಿದ್ದರಿಂದ ನನ್ನ ಕಣ್ಣು ಕತ್ತಲಿಟ್ಟಿತು. ದೋಣಿ ಅಂಚಿನ ತನಕ ನೀರಿಗಿಳಿದಿತ್ತಂತೆ. ಇನ್ನೂ ಒಬ್ಬ ನೀರಲ್ಲಿದ್ದ. ನಮ್ಮ ಪಕ್ಕದ ಮನೆಯ ಬುಡನ್ ಸಾಬ್, ಸ್ಟೌ ರಿಪೇರಿಯವನು. ಅವನನ್ನು ಹತ್ತಿಸಿಕೊಂಡರೆ ಎಲ್ಲರೂ ಮುಳುಗುವುದೇ. ಇವರು ಬಗ್ಗಿ ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡರು. ನನಗೆ ಗೊತ್ತಾಯಿತು, ಒಂದು ಭಾರ ಬಂತು. ಆ ಉಸಿರು ಬಿಡುವ ಮೊದಲೇ ಒಂದು ಭಾರ ಹೋಯಿತು. ಹೋದದ್ದು ಯಾವುದೆಂದು ಊರಿನಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ, ನನಗೆ ತಿಳಿಯಿತು. ಇನ್ನೊಂದು ಬದಿಯಿಂದ ಮೆಲ್ಲಗೆ ಇಳಿದುಬಿಟ್ಟರಂತೆ, ಬಸ್ಸಿನಲ್ಲಿ ಯಾರಿಗೋ ಸೀಟು ಬಿಟ್ಟುಕೊಟ್ಟ ಹಾಗೆ.

ಹುಡುಕಿದರು. ಬಲೆ ಹಾಕಿದರು. ಸಿಗಲಿಲ್ಲ. ಹಿರಿಯರು ಬಂದು ನನ್ನ ಕುಂಕುಮದ ಬಗ್ಗೆ, ಬಳೆಯ ಬಗ್ಗೆ ಮಾತೆತ್ತಿದರು. ಭಾರ ಬರಲಿ, ಆಮೇಲೆ ನೋಡೋಣ ಎಂದೆ. ಹೆಣದ ಭಾರವೂ ಭಾರವೇ ತಾನೆ. ಇವತ್ತಲ್ಲ ನಾಳೆ ಯಾವುದೋ ಸಲ ದೋಣಿ ಹೋದಾಗ ಸಿಕ್ಕಾರು, ಎಳೆದು ಹಾಕಿಕೊಂಡಾರು, ಆ ಗಳಿಗೆ ನನ್ನ ಹೆಗಲಿಗೆ ತಿಳಿದೀತು. ಅಷ್ಟು ಸಾಕಾಗಿತ್ತು ನನಗೆ. ಮನೆಯ ಹಾಸಿಗೆಯನ್ನು ಹೊಡೆದು ಹತ್ತಿ ಸರಿಮಾಡಿಸಿದ್ದರು ಯಾರೋ ಪುಣ್ಯಾತ್ಮರು, ನನಗೆ ಉಪಕಾರವಾಗಲೆಂದು. ಸಮವಾದ ಹಾಸಿಗೆಯಲ್ಲಿ ನಾನು ಮಲಗಿದಲ್ಲೇ ಇರುತ್ತಿದ್ದೆ, ಎಲ್ಲಿಗೂ ಜಾರುತ್ತಿರಲಿಲ್ಲ.

ಆಮೇಲಿನ ವರ್ಷ ಹಗ್ಗದ ಕೊಡ ಹೊರುತ್ತೇನೆ ಎಂದು ನಾನೇ ಕೇಳಿ ತೆಗೆದುಕೊಂಡೆ. ನನ್ನ ಮುಖ ನೋಡಿ ಊರು ಹಗ್ಗವನ್ನು ಬಿಡಲೇ ಇಲ್ಲ. ಕಿರುಬೆರಳು ತಗುಲಿಸುತ್ತಿದ್ದವರು ಮುಷ್ಟಿ ಬಿಗಿದು ಹಿಡಿದರು. ಸಾಕು ಬಿಡಿ ಎಂದರೂ ಕೇಳಲಿಲ್ಲ, ಅತ್ತರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಮುಂದಿನ ಮನೆಗೆ ಹೋಗಬೇಕಾಯಿತು. ಬುಡನ್ ಸಾಬನ ಹೆಂಡತಿ ಮಾಬೂಬಿ ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದರೂ ಅಲ್ಲಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಇನ್ನು ನಾನು? ಆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಚಕ್ಕುಲಿ ಒತ್ತಿದೆ, ಮನೆ ಗುಡಿಸಿದೆ, ಅದರ ಮೇಲೇ ಮಲಗಿ ಎದ್ದೆ. ಕೊಡಕ್ಕೆ ವಾಪಸು ಹಾಕುವಾಗ ಸೊಂಟದಲ್ಲಿ ಬಾಸುಂಡೆ ಎದ್ದಿತ್ತು.

ಮಾಬೂಬಿ ಮತ್ತು ನಾನು ಒಂದೇ ಗೋಡೆಯ ಆಚೆ ಈಚೆ ಇದ್ದವರು. ಮೊದಲು ಅವಳು ದಿನಕ್ಕೆರಡು ಸಲ ಬಂದು ನನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಆಮೇಲೆ ಹೊಸ್ತಿಲು ದಾಟುವುದನ್ನು ಬಿಟ್ಟಳು. ಬೆಳಗ್ಗೆ ಬಾಗಿಲು ತೆರೆದರೆ ಸೊಪ್ಪಿನ ಕಟ್ಟು ಇರುತ್ತಿತ್ತು, ಹಾಲು ಇರುತ್ತಿತ್ತು, ಇಟ್ಟವರು ಇರುತ್ತಿರಲಿಲ್ಲ. ಬುಡನ್ ಸಾಬ್ ನಾನು ಕಡವಿಗೆ ಹೋದಾಗ ಬಂದು ಸ್ಟೌ ಸರಿಮಾಡಿ ಹೋಗುತ್ತಿದ್ದ. ಅವನಿಗೆ ಕೆಮ್ಮಿತ್ತು. ಗೋಡೆಯಾಚೆ ಅವನು ಕೆಮ್ಮಿದಾಗಲೆಲ್ಲ ಇವನಿದ್ದಾನೆ, ಅವರಿಲ್ಲ ಅನ್ನಿಸುತ್ತಿತ್ತು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಆ ಕೆಮ್ಮನ್ನು ಕೇಳಲಾಗುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಒಂದು ದಿನ ಇಸ್ತ್ರಿ ಅಂಗಡಿ ತಿಪ್ಪಣ್ಣ ಮನೆಗೆ ಬಂದ. ದೋಣಿಯ ಮುಖ್ಯಸ್ಥ ಅವನೇ, ಚುಕ್ಕಾಣಿ ಹಿಡಿಯುವವನು. ಕೈಯಲ್ಲಿ ನನ್ನದೇ ಒಂದು ಸೀರೆ, ಹೊರಗೆ ಒಣಹಾಕಿದ್ದನ್ನು ನಾನು ಕೊಡದಿದ್ದರೂ ಇಸ್ತ್ರಿ ಮಾಡಿ ತಂದಿದ್ದ. ಏನೋ ಕೇಳಲು ಬಂದಿದ್ದಾನೆ ಎಂದು ಆಗಲೇ ಗೊತ್ತಾಯಿತು.

"ನೀಲಕ್ಕ, ದೋಣಿ ಹಗುರ ಆಗ್ಬಿಟ್ಟಿದೆ" ಎಂದ.

"ಒಳ್ಳೇದೇ ಆಯ್ತಲ್ಲಪ್ಪ. ಹಗುರ ಆಗ್ಲಿ ಅಂತಲೇ ಅಲ್ವಾ ನಾವೆಲ್ಲ ಹೊತ್ತಿರೋದು?"

"ಅಷ್ಟು ಹಗುರ ಆಗ್ಬಾರ್ದು ಕಣಕ್ಕ. ನೀರಲ್ಲಿ ಕೂರೋದೇ ಇಲ್ಲ, ತರಗೆಲೆ ತರ ಮೇಲ್ಮೇಲೇ ಓಡುತ್ತೆ. ಹುಟ್ಟು ಹಾಕಿದ್ರೆ ಗಾಳೀಲಿ ಬೀಸ್ದಂಗಾಗುತ್ತೆ. ಹೋದ ಸಲ ಆ ಮೀನಿನವನ ಹತ್ರ ಹೋಗೋಕೆ ಎಷ್ಟು ಸಲ ಸುತ್ತು ಹೊಡೆದ್ವಿ ಗೊತ್ತಾ? ಅವನ ಪುಣ್ಯ, ಈಜು ಬರ್ತಿತ್ತು."

"ಮರಳು ಮೂಟೆ ಹಾಕ್ಕೊಳ್ರಪ್ಪ."

"ಹಾಕಿದ್ವಿ. ಅದನ್ನೂ ನೀವೇ ಹೊತ್ಕೊಂಡ್ರಿ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಸೀರೆಯ ಅಂಚನ್ನು ನೀವುತ್ತಾ ಹೇಳಿದ: "ಊರವರು ಬಿಡೋದಾದ್ರೆ ಎರಡು ಬೀದಿಯವರು ಬಿಡಬೇಕು. ನೀವಾದ್ರೆ ಒಬ್ರೇ ಸಾಕು."

ಲೋಟ ತೊಳೆಯುವ ನೆಪದಲ್ಲಿ ನಾನು ಎದ್ದು ಒಳಗೆ ಹೋದೆ. ಅಲ್ಲಿಂದಲೇ ಕೂಗಿದೆ: "ಬೇರೆಯವರನ್ನ ಕೇಳು ತಿಪ್ಪಣ್ಣ. ಈ ಮಾತು ನನ್ನ ಹತ್ರ ಆಡಬೇಡ. ಅವರು ನಿನ್ನ ಪಕ್ಕದಲ್ಲೇ ಕೂತಿದ್ರು. ನೀನು ನೋಡ್ಲಿಲ್ಲ. ನಾನು ಹೊತ್ತಿದ್ದಕ್ಕೆ ನನಗಾದ್ರೂ ಗೊತ್ತಾಯ್ತು."

ನಾನು ಹೊರಗೆ ಬರುವಷ್ಟರಲ್ಲಿ ಅವನು ಸೀರೆಯನ್ನು ಚಾಪೆಯ ಮೇಲಿಟ್ಟು ಹೋಗಿದ್ದ. ಆಡಬಾರದ್ದನ್ನು ಆಡಿದ್ದೆ. ಆದರೂ ಬಿಡುತ್ತೇನೆ ಎನ್ನುವ ಮಾತು ಬಾಯಿಗೆ ಬರಲಿಲ್ಲ.

ಬೇರೆಯವರನ್ನು ಕೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕೊಡಿ ಎಂದು ಕೇಳಿ ಅಭ್ಯಾಸವಿದ್ದವಳಿಗೆ ಬಿಡಿ ಎಂದು ಕೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಬಿಟ್ಟರೆ ತನ್ನ ಮರ್ಯಾದೆ ಏನಾಗಬೇಕು ಎಂದರು ಕಾಯಿಮಂಡಿ ಸಾಹುಕಾರರು. ಪೋಸ್ಟ್‌ಮನ್ನನ ಹೆಂಡತಿ, ಹಗ್ಗ ಹಿಡಿದ ಮೇಲೇ ತನಗೆ ಮಗು ನಿಂತದ್ದೆಂದು ಆಣೆ ಮಾಡಿದಳು. ಒಬ್ಬ ಮುದುಕರು, "ನನ್ನನ್ನ ಯಾರೂ ಯಾತಕ್ಕೂ ಕರೆಯೋದಿಲ್ಲ ಕಣಮ್ಮ, ದೋಣಿ ಒಂದೇ ಕರೆಯೋದು" ಎಂದು ಕೈಮುಗಿದರು. ಯಾರ ಮಾತನ್ನೂ ತೆಗೆದುಹಾಕುವಂತಿರಲಿಲ್ಲ. ಕೊನೆಗೆ ಗೋಡೆಯಾಚೆಗೆ ಕೂಗಿ ಮಾಬೂಬಿಯನ್ನು ಕರೆದೆ. ಬಂದು ಹೊಸ್ತಿಲ ಹೊರಗೆ ನಿಂತಳು.

"ನೀನಾದ್ರೂ ಬಿಡ್ತೀಯೇನೆ ಮಾಬೂಬಿ? ಆವತ್ತು ಅಷ್ಟೊತ್ತು ಹಿಡ್ಕೊಂಡಿದ್ದೆ."

ಅವಳು ಸೆರಗು ಬಾಯಿಗೊತ್ತಿಕೊಂಡು ತಲೆಯಾಡಿಸಿದಳು. "ನಾ ಹೆಂಗೆ ಬಿಡ್ಲಿ ಅಕ್ಕಾ? ನಮ್ಮನೇಲಿ ನಿಮ್ಮನೆ ಅಣ್ಣನ ಜೀವ ದಿನಾ ಊಟಕ್ಕೆ ಕೂರುತ್ತೆ. ಬಡಿಸೋಳು ನಾನು. ಬಿಟ್ಟುಬಿಟ್ಟು ಆಮೇಲೆ ನಿಮ್ಮ ಬಾಗ್ಲ ಮುಂದೆ ಹೆಂಗೆ ಓಡಾಡ್ಲಿ?"

"ಒಳಗೆ ಬಾರೆ" ಎಂದೆ. ಬರಲಿಲ್ಲ, ಹಾಗೆಯೇ ತಿರುಗಿ ಹೋದಳು. ಊರೆಲ್ಲ ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಗಿಹಿಡಿದು ಕೂತಿತು. ಗಾಳಿಗಾಲ ಹತ್ತಿರ ಬರುತ್ತಿತ್ತು. ನೀರು ನೋಡಿದಾಗಲೆಲ್ಲ ನನಗೆ ತಿಪ್ಪಣ್ಣನ ಮುಖ ಕಾಣುತ್ತಿತ್ತು. ಅವನಿಗೆ ಎದುರಾಗದಂತೆ ಬೇರೆ ಬೀದಿ ಹಿಡಿದು ಕಡವಿಗೆ ಹೋಗಿ ಬರುತ್ತಿದ್ದೆ.

ಗಾಳಿಗಾಲದ ಒಂದು ದಿನ, ಸಂತೆ ಮುಗಿಸಿದವರು ವಾಪಸು ಬರುವ ಹೊತ್ತು. ನಾನು ಮೆಟ್ಟಿಲ ಮೇಲೆ ಚಕ್ಕುಲಿ ಬುಟ್ಟಿ ಇಟ್ಟುಕೊಂಡಿದ್ದೆ. ಮಾಬೂಬಿ ನನ್ನಿಂದ ನಾಲ್ಕು ಮೆಟ್ಟಿಲು ಮೇಲೆ ಬಕೆಟ್ ಇಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಲಾಂಚು ನೀರಿನ ನಡುವೆ ಬರುತ್ತಿದ್ದದ್ದು ಚೆನ್ನಾಗಿ ಕಾಣುತ್ತಿತ್ತು. ಛಾವಣಿಯ ಮೇಲೆ ತರಕಾರಿ ಬುಟ್ಟಿಗಳು, ಕಟ್ಟಿಹಾಕಿದ ಮೇಕೆಗಳು. ಗಾಳಿ ಎದ್ದದ್ದು ಅದರ ಬೆನ್ನ ಹಿಂದಿನಿಂದ. ನೀರು ಒಂದು ಕಡೆಯಿಂದ ಕಪ್ಪಾಗುತ್ತಾ ಬಂತು, ಲಾಂಚು ಒಂದು ಸಲ ವಾಲಿ ಎದ್ದಿತು, ಎರಡನೆಯ ಸಲ ಏಳಲಿಲ್ಲ. ಮಗುಚಿದ ತಳದ ಮೇಲೆ ಜನ ಇರುವೆಗಳ ಹಾಗೆ ಹತ್ತಿ ಅಂಟಿಕೊಂಡರು. ಅಂಟಿಕೊಳ್ಳಲಾಗದವರ ತಲೆಗಳು ಸುತ್ತ ಕಾಣುತ್ತಿದ್ದವು.

ಸೈರನ್ ಕೂಗಿತು. ಭಾರ ನನ್ನ ಮೇಲೆ ಬಿತ್ತು, ಬುಟ್ಟಿಯ ಪಕ್ಕ ಕುಕ್ಕರಿಸಿದೆ. ತಿಪ್ಪಣ್ಣನೂ ಉಳಿದವರೂ ಹತ್ತಿದ್ದು ತಿಳಿಯಿತು. ದೋಣಿ ತನ್ನ ದಡದ ಕೊಟ್ಟಿಗೆಯಿಂದ ಹೊರಬಿದ್ದದ್ದೇ ತಡ, ಗಾಳಿ ಅದನ್ನು ಎತ್ತಿಕೊಂಡು ಹೊರಟಿತು. ಅಷ್ಟು ದೊಡ್ಡ ಕಬ್ಬಿಣದ ತಳದ ದೋಣಿ ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಜಾರುತ್ತಾ ಲಾಂಚಿನ ಪಕ್ಕದಿಂದಲೇ ಹಾದು ದೂರ ಹೋಯಿತು. ಕೈಚಾಚಿದವರು ಕೈಚಾಚಿಕೊಂಡೇ ಉಳಿದರು. ತಿಪ್ಪಣ್ಣ ಅದನ್ನು ತಿರುಗಿಸಿದ. ಮತ್ತೆ ಬಂತು, ಮತ್ತೆ ಜಾರಿ ಹೋಯಿತು. ಹುಟ್ಟುಗಳು ಗಾಳಿಯಲ್ಲೇ ಬೀಸುತ್ತಿದ್ದವು. ಲಾಂಚಿನ ಸುತ್ತ ತಲೆಗಳು ಮೊದಲಿನಷ್ಟು ಇರಲಿಲ್ಲ.

ನಾವೇ ಅವರನ್ನು ಮುಳುಗಿಸುತ್ತಿದ್ದೇವೆ ಎಂದು ನನಗೆ ಆಗ ಅನ್ನಿಸಿತು. ಊರೆಲ್ಲ ಅಲ್ಲ, ನಾನು. ನೀರು ನನ್ನಿಂದ ಕೆಲವೇ ಮೆಟ್ಟಿಲು ಕೆಳಗಿತ್ತು. ಎದ್ದು ನಡೆಯುವ ಹಾಗಿರಲಿಲ್ಲ, ಅಷ್ಟು ಹೊತ್ತಿದ್ದೆ. ಕೂತಲ್ಲಿಂದಲೇ ಒಂದು ಮೆಟ್ಟಿಲು ಜಾರಿದೆ. ಅಲ್ಲೇ ನಿಂತೆ. ಇವತ್ತೇ ಸಿಕ್ಕಿಬಿಟ್ಟರೆ? ಇಷ್ಟು ಗಾಳಿಗೆ ನೀರಿನ ತಳವೆಲ್ಲ ಕದಡಿರುತ್ತದೆ, ಇವತ್ತೇ ಮೇಲೆ ಬಂದು ಯಾರದೋ ಕೈಗೆ ಸಿಕ್ಕಿ, ದೋಣಿಗೆ ಹಾಕಿಕೊಂಡು, ಆ ಭಾರ ಊರಿನವರೆಲ್ಲರ ಹೆಗಲಿಗೆ ಬಂದು ನನಗೊಬ್ಬಳಿಗೇ ಬಾರದೆ ಹೋದರೆ? ಇನ್ನು ಯಾವತ್ತೂ ಬಾರದೆ ಹೋದರೆ? ನನಗೆ ಅವರು ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಲ್ಲಿ ಮುಳುಗುತ್ತಿದ್ದವರಿಗಿಂತ ಆ ಒಂದು ಗಳಿಗೆ ನನಗೆ ಅವರೇ ಹೆಚ್ಚಾಗಿದ್ದರು.

"ಅಕ್ಕಾ" ಎಂದು ಮೇಲಿನಿಂದ ಮಾಬೂಬಿ ಕೂಗಿದಳು. ಅವಳೂ ಬಟ್ಟೆಯ ರಾಶಿಯ ಮೇಲೆ ಕುಸಿದಿದ್ದವಳು ನನ್ನನ್ನು ನೋಡಿ ಅಂಗೈ ಊರಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. "ನೀವು ಬೇಡ ಅಕ್ಕಾ, ನಾನು ಇಳೀತೀನಿ. ನಿಮಗೆ ಅದು ಬೇಕು. ನಿಮಗೆ ಅದೊಂದೇ ಇರೋದು."

"ನಿಂದು ಸಾಲಲ್ಲ ಕಣೆ" ಎಂದೆ. "ನೀನು ಅಲ್ಲೇ ಕೂತ್ಕೋ."

"ಇಲ್ಲ ಅಕ್ಕಾ, ನಾನು—"

"ಹೇಳಿದ್ನಲ್ಲೇ, ಅಲ್ಲೇ ಕೂತ್ಕೋ. ನೀನೂ ಬಿಟ್ರೆ ಕಡಿಮೆ ಬೀಳುತ್ತೆ. ಕಡಿಮೆ ಬಿದ್ರೆ ಏನಾಗುತ್ತೆ ಅಂತ ನಿಂಗೊತ್ತು, ನಂಗೊತ್ತು."

ಅವಳು ನಿಂತಳು. ನಾನು ಇನ್ನೊಂದು ಮೆಟ್ಟಿಲು ಜಾರಿದೆ, ಮತ್ತೊಂದು. "ಉಗ್ರಪ್ಪ" ಎಂದು ಗಟ್ಟಿಯಾಗಿಯೇ ಕರೆದೆ, ಎದುರಿಗೆ ಇದ್ದಾಗ ಒಂದು ದಿನವೂ ಕರೆಯದ ಹೆಸರು. ಮೇಲೆ ಹಲಗೆಯ ಹತ್ತಿರ ಕೂತಿದ್ದವರು ನೋಡಿ "ಕಾಲು, ಕಾಲು" ಎಂದು ಅಭ್ಯಾಸಬಲದಿಂದ ಕೂಗಿಕೊಂಡರು. ಎರಡೂ ಪಾದಗಳನ್ನು ದೊಡ್ಡನೀರಿನೊಳಗೆ ಇಟ್ಟೆ.

ನೀರು ತಣ್ಣಗಿತ್ತು. ಭಾರ ಹೋಯಿತು. ಎಷ್ಟು ಹಗುರವಾದೆನೆಂದರೆ ಮುಗ್ಗರಿಸಿದೆ, ಮೆಟ್ಟಿಲನ್ನು ಹಿಡಿದುಕೊಳ್ಳಬೇಕಾಯಿತು. ಸುಖವೆನ್ನಿಸಲಿಲ್ಲ. ಅವರು ಎದ್ದು ಹೋದ ಹಾಸಿಗೆಯಲ್ಲಿ ಕೈಯಾಡಿಸಿದ ಹಾಗಾಯಿತು. ಅತ್ತ ದೂರದಲ್ಲಿ ದೋಣಿ ಒಂದು ಸಲ ತೂಗಿ, ನೀರಿನೊಳಕ್ಕೆ ಇಳಿದು, ಗಟ್ಟಿಯಾಗಿ ಕೂತಿತು. ಹುಟ್ಟುಗಳು ನೀರನ್ನು ಹಿಡಿದವು. ತಿಪ್ಪಣ್ಣ ಒಂದು ಕ್ಷಣ ದಡದ ಕಡೆ ತಿರುಗಿ ನೋಡಿದ, ಆಮೇಲೆ ಮುಖವನ್ನು ಲಾಂಚಿಗೆ ಕೊಟ್ಟು ನೇರ ಹೊರಟ. ಗಾಳಿ ಬಡಿಯುತ್ತಲೇ ಇತ್ತು, ದೋಣಿ ಅಲ್ಲಾಡಲಿಲ್ಲ.

"ಒಬ್ಬರು" ಎಂದಿತು ಊರು. ಹಲಗೆಯ ಹತ್ತಿರದವರು ಅಂದರು, ಅಂಗಡಿಯ ಸಾಲಿನವರು ಅಂದರು, ಮೇಲಿನ ಬೀದಿಗಳಿಂದಲೂ ಕೇಳಿಸಿತು. ನಾನು ಅನ್ನಲಿಲ್ಲ, ನನಗೆ ಏನೂ ತಿಳಿಯಲಿಲ್ಲ. ದೋಣಿಯ ಸುತ್ತ ನೀರು ಎರಚಾಡುತ್ತಿತ್ತು, ಯಾರನ್ನು ಎಳೆಯುತ್ತಿದ್ದಾರೆಂದು ಅಷ್ಟು ದೂರದಿಂದ ಕಾಣುತ್ತಿರಲಿಲ್ಲ. "ಇನ್ನೊಬ್ಬರು" ಎಂದರು. ಇಡೀ ಊರು ಬಗ್ಗಿ ಕೂತಿದ್ದಾಗ ನಾನೊಬ್ಬಳು ನೆಟ್ಟಗೆ ನಿಂತಿದ್ದೆ. ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಂಡೆ, ಬರಿ ಹೆಗಲು. ಅಷ್ಟು ಒಂಟಿ ನಾನು ಅವರು ಹೋದ ಸಂತೆಯ ದಿನ ಕೂಡ ಇರಲಿಲ್ಲ.

ಮೆಟ್ಟಿಲು ಹತ್ತಿದೆ. ಮಾಬೂಬಿ ಅರ್ಧ ದಾರಿಯಲ್ಲಿ ಒಂದು ಕೈ ಊರಿಕೊಂಡು, ಆಕಡೆ ಕೂರಲೂ ಆಗದೆ ಈಕಡೆ ಏಳಲೂ ಆಗದೆ ನಡುಗುತ್ತಿದ್ದಳು. ನಾನು ಬಿಟ್ಟದ್ದರಲ್ಲಿ ದೋಣಿಗೆ ಹೋಗಿ ಉಳಿದದ್ದರ ಒಂದು ಪಾಲು ಅವಳ ಮೇಲೂ ಬಿದ್ದಿತ್ತು. ಪಕ್ಕದಲ್ಲಿ ಕೂತು ಅವಳ ರಟ್ಟೆ ಹಿಡಿದೆ. ಮುಟ್ಟಿದ್ದಕ್ಕೆ ಬೆಚ್ಚಿದಳು, ಹಿಂದಕ್ಕೆ ಸರಿಯಲು ನೋಡಿದಳು.

"ಒರಗಿಕೊಳ್ಳೆ" ಎಂದೆ.

"ಬೇಡ ಅಕ್ಕಾ. ನಿಮ್ಮ ಮೇಲೆ ಹೆಂಗೆ—"

"ನಾನೀಗ ಖಾಲಿ ಇದೀನಿ ಕಣೆ. ಒರಗಿಕೋ."

ಹೆದರಿ ಹೆದರಿ ತಲೆಯನ್ನಷ್ಟೇ ನನ್ನ ಭುಜಕ್ಕೆ ತಾಗಿಸಿದಳು. ಅಷ್ಟರಲ್ಲಿ ದೋಣಿಗೆ ಮತ್ತೊಬ್ಬರು ಬಂದಿರಬೇಕು, ಅವಳ ಮೈ ಕುಸಿದು ನನ್ನ ಪಕ್ಕೆಗೆ ಒತ್ತಿತು. ನನಗೆ ತಿಳಿಯಿತು. ಅವಳ ಬೆನ್ನಿನ ಬಿಸಿ, ಅವಳ ಉಸಿರು, ಅದರ ಹಿಂದೆ ಎಲ್ಲಿಂದಲೋ ಬಂದ ಆ ಭಾರ. ಅವರದಲ್ಲ. ಅವರದಾಗಿದ್ದರೆ ಹತ್ತು ಮೈಗಳ ಆಚೆಯಿಂದ ಬಂದಿದ್ದರೂ ಗುರುತಿಸುತ್ತಿದ್ದೆ. ಚಿಕ್ಕದು, ಯಾರದೋ ಮನೆಯ ಹೆಣ್ಣುಮಗು ಇರಬೇಕು.

"ಬಂತು ಅಕ್ಕಾ" ಎಂದು ಮಾಬೂಬಿ ಅಳತೊಡಗಿದಳು. "ಯಾರೋ ಬಂತು."

"ಗೊತ್ತಾಯ್ತು ಕಣೆ" ಎಂದು ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. "ಅರ್ಧಂಬರ್ಧ ಒರಗ್ಬೇಡ. ಪೂರ್ತಿ ಬಿಡು ನನ್ನ ಮೇಲೆ."

ಬಿಟ್ಟಳು.